ವಲೆನ್ಸಿಯಾದ ಒಂದು ರೂಮು, ಎರಡು ತೊರ್ತಿಯಾ

ಪ್ರಶ್ನೆ: ಮೇಡಂ, ನಾನು ರಾಣೆಬೆನ್ನೂರಿನವನು. ಓದಲಿಕ್ಕೆ ಸ್ಪೇನಿನ ವಲೆನ್ಸಿಯಾಕ್ಕೆ ಬಂದು ಮೂರು ತಿಂಗಳಾಯ್ತು. ನನ್ನ ರೂಮ್‌ಮೇಟ್ ಮೆಕ್ಸಿಕೊದ ಪುಯೆಬ್ಲಾ ಊರಿನವನು. ಅಡುಗೆಮನೆಯಲ್ಲಿ ಎರಡು ಎಲೆಕ್ಟ್ರಿಕ್ ಒಲೆ, ಒಂದು ನಾನ್‌ಸ್ಟಿಕ್ ಬಾಣಲೆ, ಒಂದು ಸ್ಟೀಲ್ ಪಾತ್ರೆ, ಒಂದು ಸಣ್ಣ ಮಿಕ್ಸಿ ಇದೆ. ಓವನ್ ಕೆಟ್ಟಿದೆ. ಅಮ್ಮ ಕಟ್ಟಿ ಕೊಟ್ಟ ಸಾರಿನ ಪುಡಿ ಮುಗೀತಾ ಬಂತು, ಬ್ಯಾಡಗಿ ಖಾರದ ಪುಡಿ ಮಾತ್ರ ಇನ್ನೂ ಇದೆ. ಬ್ರೆಡ್ಡು, ಜಾಮು ತಿಂದು ಸಾಕಾಗಿದೆ. ಮೊಟ್ಟೆ ತಿನ್ನುತ್ತೇನೆ, ಮಾಂಸ ಮೀನು ಇಲ್ಲ. ಇಬ್ಬರೂ ಕೂತು ತಿನ್ನುವಂಥ ಸುಲಭದ ಸ್ಪ್ಯಾನಿಷ್, ಮೆಕ್ಸಿಕನ್ ಅಡುಗೆ ಹೇಳಿಕೊಡಿ. ಎರಡೂ ಹೆಚ್ಚುಕಮ್ಮಿ ಒಂದೇ ಅಲ್ವಾ? ಆದರೆ ಗೆಳೆಯ ಇಲ್ಲಿ ಬಂದ ಮೊದಲ ವಾರ ತೊರ್ತಿಯಾ ಕೇಳಿದರೆ ಆಲೂಗಡ್ಡೆ ಆಮ್ಲೆಟ್ ತಂದಿಟ್ಟರಂತೆ!

ಉತ್ತರ: ಎರಡೂ ಒಂದೇ ಅಲ್ಲ. ನಿಮ್ಮ ಗೆಳೆಯನಿಗೆ ಆದದ್ದೇ ಅದಕ್ಕೆ ಸಾಕ್ಷಿ. ನಮ್ಮಲ್ಲೂ ಹೀಗೇ ಇದೆ ನೋಡಿ. ಬೆಂಗಳೂರಿನ ಕಡೆ ರೊಟ್ಟಿ ಎಂದರೆ ಅಕ್ಕಿ ರೊಟ್ಟಿ ತಟ್ಟುತ್ತಾರೆ, ವಿಜಯಪುರದಲ್ಲಿ ರೊಟ್ಟಿ ಎಂದರೆ ಜೋಳದ್ದೇ. ಸ್ಪೇನಿನವರು ಮೆಕ್ಸಿಕೊಕ್ಕೆ ಹೋದಾಗ ಅಲ್ಲಿನ ಜನ ಮೆಕ್ಕೆಜೋಳದ ರೊಟ್ಟಿ ತಿನ್ನುತ್ತಿದ್ದರು. ಆ ಜನರ ನಾವಾತ್ಲ್ ಭಾಷೆಯಲ್ಲಿ ಅದಕ್ಕೆ ತ್ಲಷ್ಕಾಲಿ ಅಂತ ಹೆಸರು. ಬಂದವರು ತಮ್ಮ ಬಾಯಿಗೆ ಒಗ್ಗುವ ಹಾಗೆ ತೊರ್ತಿಯಾ ಎಂದು ಕರೆದರು. ತೊರ್ತಿಯಾ ಎಂದರೆ ಸಣ್ಣ ದುಂಡನೆಯ ಕೇಕು ಅಂತ, ಅಷ್ಟೇ. ಹೆಸರು ಒಂದಾಯ್ತು, ಅಡುಗೆ ಎರಡಾಗೇ ಉಳಿಯಿತು.

ನಾನು ಸ್ಪೇನಿನ ಸೆವಿಯಾ ಊರಿನ ಒಂದು ಸಣ್ಣ ಊಟದ ಮನೆಯಲ್ಲಿ ನಾಲ್ಕು ವರ್ಷ ಅಡುಗೆ ಮಾಡಿದ್ದೇನೆ. ನನ್ನ ಪಕ್ಕದ ಒಲೆಯಲ್ಲಿ ನಿಲ್ಲುತ್ತಿದ್ದದ್ದು ಮೆಕ್ಸಿಕೊದ ವಾಹಾಕಾ ಕಡೆಯ ಒಬ್ಬ ಅಕ್ಕ. ದಿನವೂ ಇಬ್ಬರ ಕೈಕೆಲಸ ನೋಡಿ ನೋಡಿ ನನಗೆ ಒಂದು ವಿಷಯ ಮನಸ್ಸಿನಲ್ಲಿ ಕೂತಿತು. ಸ್ಪೇನಿನ ಮನೆ ಅಡುಗೆ ನಿಂತಿರುವುದು ಸಣ್ಣ ಉರಿ ಮತ್ತು ಎಣ್ಣೆಯ ಮೇಲೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಏನೇ ಇರಲಿ, ಎಣ್ಣೆಯಲ್ಲಿ ನಿಧಾನ ಬೇಯಿಸಿ ಸಿಹಿ ತೆಗೆಯುತ್ತಾರೆ. ಮೆಕ್ಸಿಕೊದಲ್ಲಿ ಒಣ ಕಾವಲಿಯೇ ಮೊದಲು. ಟೊಮೆಟೊ, ಮೆಣಸಿನಕಾಯಿ, ಬೆಳ್ಳುಳ್ಳಿಯನ್ನು ಎಣ್ಣೆ ಇಲ್ಲದೆ ಕಾವಲಿ ಮೇಲೆ ಸುಟ್ಟು, ಕಪ್ಪು ಚುಕ್ಕೆ ಬರಿಸಿ, ಆಮೇಲೆ ಅರೆಯುತ್ತಾರೆ. ಈ ಎರಡು ಕೆಲಸ ಕೈಗೆ ಬಂದರೆ ಹತ್ತು ಅಡುಗೆ ತಾನಾಗೇ ಬರುತ್ತದೆ. ಎರಡೂ ನಿಮಗೆ ಪೂರ್ತಿ ಹೊಸದೇನಲ್ಲ. ಸುಟ್ಟ ಬದನೆಕಾಯಿ ಗೊಜ್ಜು, ಹುರಿದ ಹಸಿಮೆಣಸಿನಕಾಯಿ ಚಟ್ನಿ ತಿಂದು ಬೆಳೆದವರು ನೀವು.

ಮೊದಲು ಸ್ಪೇನಿನ ತೊರ್ತಿಯಾ. ಇದೊಂದನ್ನು ಚೆನ್ನಾಗಿ ಕಲಿಯಿರಿ, ಓದು ಮುಗಿಯುವವರೆಗೂ ಕೈ ಬಿಡುವುದಿಲ್ಲ. ಇಬ್ಬರಿಗೆ, ಮರುದಿನದ ಡಬ್ಬಿಗೂ ಸೇರಿಸಿ, 600 ಗ್ರಾಂ ಆಲೂಗಡ್ಡೆ, ಒಂದು ದೊಡ್ಡ ಈರುಳ್ಳಿ, 6 ಮೊಟ್ಟೆ, ಒಂದು ಚಿಕ್ಕ ಚಮಚ ಉಪ್ಪು, ಮತ್ತೆ ಎಣ್ಣೆ. ಎಣ್ಣೆ ಕಾಲು ಲೀಟರ್ ಬೇಕು. ಗಾಬರಿಯಾಗಬೇಡಿ, ಅದರಲ್ಲಿ ಮುಕ್ಕಾಲು ಪಾಲು ವಾಪಸ್ ಬರುತ್ತದೆ. ಆಲಿವ್ ಎಣ್ಣೆ ದುಬಾರಿ ಅನಿಸಿದರೆ ಅರ್ಧ ಆಲಿವ್, ಅರ್ಧ ಸೂರ್ಯಕಾಂತಿ ಹಾಕಿ. ಅಲ್ಲಿನ ಎಷ್ಟೋ ಮನೆಗಳಲ್ಲೂ ಹಾಗೆ ಮಾಡುತ್ತಾರೆ.

ಆಲೂಗಡ್ಡೆ ಸಿಪ್ಪೆ ತೆಗೆದು ಉದ್ದಕ್ಕೆ ನಾಲ್ಕಾಗಿ ಸೀಳಿ, ಒಂದು ರೂಪಾಯಿ ನಾಣ್ಯದ ಎರಡರಷ್ಟು ದಪ್ಪಕ್ಕೆ ಹೆಚ್ಚಿ. ತೀರಾ ಒಂದೇ ಸಮ ಬರಬೇಕೆಂದೇನಿಲ್ಲ. ತೆಳು ಚೂರು ಕರಗಿ ಮೊಟ್ಟೆಯ ಜೊತೆ ಸೇರುತ್ತದೆ, ದಪ್ಪದ್ದು ಬಾಯಿಗೆ ಸಿಗುತ್ತದೆ. ಈರುಳ್ಳಿ ಉದ್ದುದ್ದ ಹೆಚ್ಚಿ. ಎರಡಕ್ಕೂ ಉಪ್ಪು ಹಾಕಿ, ಬೆಚ್ಚಗಾದ ಎಣ್ಣೆಗೆ ಬಿಡಿ. ಇಲ್ಲಿ ಕಿವಿ ಕೊಟ್ಟು ಕೇಳಬೇಕು. ಬಜ್ಜಿ ಕರಿದ ಹಾಗೆ ಚರ್ ಎಂದು ಸದ್ದು ಬಂದರೆ ಉರಿ ಜಾಸ್ತಿಯಾಗಿದೆ. ಗುಳು ಗುಳು ಎಂದು ಮೆಲ್ಲಗೆ ಗುಳ್ಳೆ ಏಳುತ್ತಿರಬೇಕು. ಹಾಗೇ 20 ನಿಮಿಷ. ಮಧ್ಯೆ ಎರಡು ಮೂರು ಸಲ ಸೌಟಿನಿಂದ ಮಗುಚಿ. ಆಲೂಗಡ್ಡೆ ಕೆಂಪಗಾಗಬಾರದು, ಸೌಟಿನ ಅಂಚು ತಾಗಿಸಿದರೆ ಮುರಿಯಬೇಕು. ಎಲೆಕ್ಟ್ರಿಕ್ ಒಲೆ ಕಾವು ಏರುವುದೂ ನಿಧಾನ, ಇಳಿಯುವುದೂ ನಿಧಾನ. ಹಾಗಾಗಿ ಸದ್ದು ಜೋರಾಯ್ತು ಅಂದ ತಕ್ಷಣ ಬಾಣಲೆಯನ್ನೇ ಒಂದು ನಿಮಿಷ ಪಕ್ಕಕ್ಕೆ ಎತ್ತಿಡಿ.

ಜರಡಿಯಲ್ಲಿ ಎಣ್ಣೆ ಸೋಸಿ ತೆಗೆದಿಡಿ. ಆ ಎಣ್ಣೆಗೆ ಈರುಳ್ಳಿಯ ಘಮ ಹತ್ತಿರುತ್ತದೆ, ಮುಂದಿನ ಮೂರು ನಾಲ್ಕು ಅಡುಗೆಗೆ ಅದೇ ಸಾಕು. ಮೊಟ್ಟೆಗಳನ್ನು ಫೋರ್ಕಿನಿಂದ ಸುಮ್ನೆ ಕದಡಿ, ನೊರೆ ಬರಿಸಬೇಡಿ. ಬಿಸಿ ಆಲೂಗಡ್ಡೆಯನ್ನು ಅದಕ್ಕೆ ಸೇರಿಸಿ 10 ನಿಮಿಷ ಬಿಟ್ಟುಬಿಡಿ. ಈ ಹತ್ತು ನಿಮಿಷವನ್ನು ತಪ್ಪಿಸುವವರೇ ಹೆಚ್ಚು. ಆಲೂಗಡ್ಡೆ ಮೊಟ್ಟೆಯನ್ನು ಹೀರಿಕೊಂಡು, ಎರಡೂ ಸೇರಿ ಗಟ್ಟಿ ಹಿಟ್ಟಿನ ಹಾಗೆ ಆಗುತ್ತದೆ. ಅದು ಆಗದಿದ್ದರೆ ಕತ್ತರಿಸಿದಾಗ ಆಲೂಗಡ್ಡೆ ಒಂದು ಕಡೆ, ಮೊಟ್ಟೆ ಒಂದು ಕಡೆ ಉದುರುತ್ತದೆ.

ಈಗ ಬಾಣಲೆಗೆ ಒಂದು ಚಮಚ ಎಣ್ಣೆ, ಚೆನ್ನಾಗಿ ಕಾಯಲಿ. ಮಿಶ್ರಣ ಸುರಿದು ಒಂದು ನಿಮಿಷ ಆದ ಮೇಲೆ ಉರಿ ತಗ್ಗಿಸಿ ಇನ್ನೂ ಮೂರು ನಾಲ್ಕು ನಿಮಿಷ. ಅಂಚು ಗಟ್ಟಿಯಾಗಿ, ನಡುವೆ ಇನ್ನೂ ಅಲ್ಲಾಡುತ್ತಿರುವಾಗ ಬಾಣಲೆಗಿಂತ ಅಗಲದ ಚಪ್ಪಟೆ ತಟ್ಟೆಯನ್ನು ಮೇಲೆ ಮುಚ್ಚಿ. ಸಿಂಕಿನ ಮೇಲೆ ಹಿಡಿದು, ತಟ್ಟೆಯನ್ನು ಅಂಗೈಯಿಂದ ಒತ್ತಿ, ಒಂದೇ ಏಟಿಗೆ ಮಗುಚಿ. ಅರ್ಧಕ್ಕೆ ಅನುಮಾನಿಸಿದರೆ ಅಂಚಿನಿಂದ ಸೋರುತ್ತದೆ. ತಟ್ಟೆಯಿಂದ ಮತ್ತೆ ಬಾಣಲೆಗೆ ಜಾರಿಸಿ, ಅಂಚನ್ನು ಸೌಟಿನಿಂದ ಒಳಕ್ಕೆ ಒತ್ತಿ ದುಂಡಗೆ ಮಾಡಿ, ಎರಡು ಮೂರು ನಿಮಿಷಕ್ಕೆ ಇಳಿಸಿ. ಗಲಿಸಿಯಾ ಸೀಮೆಯ ಬೆತಾನ್ಸೋಸ್ ಊರಿನಲ್ಲಿ ಕತ್ತರಿಸಿದರೆ ಒಳಗಿನಿಂದ ಹಳದಿ ಹರಿಯುವಷ್ಟು ಹಸಿಯಾಗಿ ಇಳಿಸುತ್ತಾರೆ. ನೀವು ಮರುದಿನ ಕಾಲೇಜಿಗೆ ಡಬ್ಬಿಗೆ ಹಾಕಿಕೊಳ್ಳುವವರು, ಪೂರ್ತಿ ಬೇಯಿಸಿ. ಅರೆಬೆಂದ ಮೊಟ್ಟೆಯನ್ನು ಇಟ್ಟು ತಿನ್ನಬಾರದು.

ಈರುಳ್ಳಿ ಹಾಕಬೇಕೋ ಬೇಡವೋ ಎಂದು ಸ್ಪೇನಿನಲ್ಲಿ ಜನ ಎರಡು ಪಕ್ಷ ಕಟ್ಟಿಕೊಂಡು ವಾದ ಮಾಡುತ್ತಾರೆ. ನಾನು ಈರುಳ್ಳಿ ಪಕ್ಷ. ಈರುಳ್ಳಿ ಇಲ್ಲದ ತೊರ್ತಿಯಾ ಮರುದಿನಕ್ಕೆ ಒಣಗಿಬಿಡುತ್ತದೆ.

ಎರಡನೆಯದು ಸೆವಿಯಾದ ಪಾಲಕ್ ಕಡಲೆ, ಎಸ್ಪಿನಾಕಾಸ್ ಕೊನ್ ಗರ್ಬಾನ್ಸೋಸ್. ಇದನ್ನು ಮೊದಲ ಸಲ ತಿಂದಾಗ ನನಗೆ ನಮ್ಮ ಮನೆಯ ಸೊಪ್ಪಿನ ಹುಳಿ ನೆನಪಾಯಿತು. ಕಾರಣ ಜೀರಿಗೆ, ಮತ್ತೆ ಅರೆದು ಹಾಕುವ ಮಸಾಲೆ. ತೆಂಗಿನಕಾಯಿಯ ಬದಲು ಅವರು ಅರೆಯುವುದು ಕರಿದ ಬ್ರೆಡ್ಡು. ನಿನ್ನೆಯ ಬ್ರೆಡ್ಡಿನ ಒಂದು ಚೂರು, ಮೂರು ಎಸಳು ಬೆಳ್ಳುಳ್ಳಿ, ಎರಡನ್ನೂ ಮೂರು ಚಮಚ ಎಣ್ಣೆಯಲ್ಲಿ ಹೊಂಬಣ್ಣಕ್ಕೆ ಕರಿದು ತೆಗೆಯಿರಿ. ಅದಕ್ಕೆ ಒಂದು ಚಿಕ್ಕ ಚಮಚ ಜೀರಿಗೆ, ಒಂದು ಚಮಚ ವಿನೆಗರ್, ಸ್ವಲ್ಪ ನೀರು ಸೇರಿಸಿ ಮಿಕ್ಸಿಯಲ್ಲಿ ತರಿತರಿಯಾಗಿ ಅರೆಯಿರಿ. ಬಾಣಲೆಯನ್ನು ಒಲೆಯಿಂದ ಇಳಿಸಿ, ಉಳಿದ ಎಣ್ಣೆಗೆ ಒಂದು ಚಿಕ್ಕ ಚಮಚ ಪಿಮೆಂತೋನ್ ಹಾಕಿ ತಿರುಗಿಸಿ. ಪಿಮೆಂತೋನ್ ಎಂದರೆ ಅವರ ಕೆಂಪು ಮೆಣಸಿನ ಪುಡಿ. ಉರಿಯ ಮೇಲೆ ಹಾಕಿದರೆ ಕೆಲವೇ ಕ್ಷಣದಲ್ಲಿ ಸೀದು ಕಹಿಯಾಗುತ್ತದೆ, ಅದಕ್ಕೇ ಇಳಿಸಿ ಹಾಕುವುದು. ತಕ್ಷಣ 300 ಗ್ರಾಂ ಪಾಲಕ್ ಸೊಪ್ಪು, ಬಾಟಲಿಯಲ್ಲಿ ಬರುವ ಬೆಂದ ಕಾಬೂಲಿ ಕಡಲೆ ಒಂದು ಬಾಟಲಿ ತೊಳೆದು ಹಾಕಿ, ಅರೆದದ್ದನ್ನು ಸೇರಿಸಿ, ಉಪ್ಪು ಹಾಕಿ ಹತ್ತು ನಿಮಿಷ ಕುದಿಸಿ. ಹೆಪ್ಪುಗಟ್ಟಿಸಿದ ಪಾಲಕ್ ಪ್ಯಾಕೆಟ್ ಅಗ್ಗ, ರುಚಿಗೆ ಏನೂ ಕಡಿಮೆ ಆಗುವುದಿಲ್ಲ. ಇದನ್ನು ಬ್ರೆಡ್ಡಿನ ಜೊತೆಯೂ ತಿನ್ನಬಹುದು, ಬಿಸಿ ಅನ್ನದ ಮೇಲೂ ಹಾಕಿಕೊಳ್ಳಬಹುದು.

ಅಮ್ಮ ಕೊಟ್ಟ ಬ್ಯಾಡಗಿ ಪುಡಿ ಇದೆ ಎಂದಿದ್ದೀರಿ. ಪಿಮೆಂತೋನ್ ಇಲ್ಲದ ದಿನ ಧಾರಾಳವಾಗಿ ಅದನ್ನೇ ಹಾಕಿ. ನಿಮ್ಮದೇ ಹಾವೇರಿ ಜಿಲ್ಲೆಯ ಬೆಳೆ ಅದು, 2011ರಲ್ಲಿ ಜಿಐ, ಅಂದರೆ ಊರಿನ ಹೆಸರಿನ ಬೆಳೆ ಎಂಬ ಅಧಿಕೃತ ಮಾನ್ಯತೆ ಸಿಕ್ಕಿತು. ಪಿಮೆಂತೋನಿಗೆ ಹತ್ತಿರದ ನೆಂಟ ಅದು. ಬಣ್ಣ ಜಾಸ್ತಿ, ಖಾರ ಕಡಿಮೆ. ಹೊಗೆಯ ವಾಸನೆ ಒಂದು ಮಾತ್ರ ಇರುವುದಿಲ್ಲ. ಎಸ್ತ್ರೆಮಾದುರಾ ಸೀಮೆಯ ಲಾ ವೆರಾದಲ್ಲಿ ಮೆಣಸಿನಕಾಯಿಯನ್ನು ಓಕ್ ಸೌದೆಯ ಹೊಗೆಯಲ್ಲಿ ಹತ್ತು ಹದಿನೈದು ದಿನ ಒಣಗಿಸಿ ಪುಡಿ ಮಾಡುತ್ತಾರೆ. ಆ ವಾಸನೆ ಬೇಕೆಂದರೆ ಸಣ್ಣ ಡಬ್ಬಿ ಒಂದು ತಂದಿಡಿ. ಡಬ್ಬಿಯ ಮೇಲೆ ದುಲ್ಸೆ ಎಂದಿದ್ದರೆ ಖಾರವಿಲ್ಲದ್ದು, ಪಿಕಾಂತೆ ಎಂದಿದ್ದರೆ ಖಾರದ್ದು. ನೀವು ಖಾರದ್ದೇ ತನ್ನಿ, ನಮ್ಮ ನಾಲಿಗೆಗೆ ಅದೂ ಸೌಮ್ಯವೇ.

ಬೆಳಿಗ್ಗೆ ಜಾಮಿನ ಬದಲು ಪಾನ್ ಕೊನ್ ತೊಮಾತೆ ಮಾಡಿಕೊಳ್ಳಿ. ಬ್ರೆಡ್ ಗರಿಯಾಗಿ ಕಾಯಿಸಿ, ಹಸಿ ಬೆಳ್ಳುಳ್ಳಿಯನ್ನು ಒಮ್ಮೆ ಉಜ್ಜಿ, ಅಡ್ಡಕ್ಕೆ ಕತ್ತರಿಸಿದ ಮೆತ್ತನೆ ಟೊಮೆಟೊವನ್ನು ತಿಕ್ಕಿ. ರಸ, ತಿರುಳು ಬ್ರೆಡ್ಡಿಗೆ ಇಳಿದು ಕೈಯಲ್ಲಿ ಸಿಪ್ಪೆ ಮಾತ್ರ ಉಳಿಯುತ್ತದೆ. ಮೇಲೆ ಆಲಿವ್ ಎಣ್ಣೆ, ಉಪ್ಪು. ಕತಲೂನ್ಯದವರ ದಿನನಿತ್ಯದ ತಿಂಡಿ ಇದು. ಬೇಸಿಗೆ ಬಂದ ಮೇಲೆ ಗಾಸ್ಪಾಚೊ ಎಂಬ ತಣ್ಣನೆ ಟೊಮೆಟೊ ಸೂಪು ಶುರು ಮಾಡಿ. ಒಂದು ಕಿಲೊ ಚೆನ್ನಾಗಿ ಹಣ್ಣಾದ ಟೊಮೆಟೊ, ಅರ್ಧ ಸೌತೆಕಾಯಿ, ಒಂದು ಹಸಿರು ದಪ್ಪಮೆಣಸಿನಕಾಯಿ, ಅರ್ಧ ಎಸಳು ಬೆಳ್ಳುಳ್ಳಿ, ಎರಡು ಚಮಚ ವಿನೆಗರ್, ನಾಲ್ಕು ಚಮಚ ಆಲಿವ್ ಎಣ್ಣೆ, ಉಪ್ಪು. ಎಲ್ಲ ಹಸಿಯಾಗೇ ರುಬ್ಬಿ, ಸೋಸಿ, ಫ್ರಿಜ್ಜಿನಲ್ಲಿಡಿ. ಬೆಳ್ಳುಳ್ಳಿ ಅರ್ಧ ಎಸಳಿಗಿಂತ ಜಾಸ್ತಿ ಬೇಡ, ಮರುದಿನ ಅದೊಂದೇ ಮಾತಾಡುತ್ತದೆ. ಚಳಿಗಾಲದ ಟೊಮೆಟೊದಲ್ಲಿ ಮಾಡಲೇಬೇಡಿ, ಕೆಂಪು ನೀರು ಕುಡಿದ ಹಾಗಿರುತ್ತದೆ.

ಪರೀಕ್ಷೆಯ ದಿನಗಳಿಗೆ ಇನ್ನೊಂದಿದೆ. ಬಿಳಿ ಅನ್ನ, ಮೇಲೆ ಬಿಸಿ ಟೊಮೆಟೊ ಸಾಸ್, ಒಂದು ಕರಿದ ಮೊಟ್ಟೆ, ಇಷ್ಟವಿದ್ದರೆ ಎಣ್ಣೆಯಲ್ಲಿ ಬಾಡಿಸಿದ ಬಾಳೆಹಣ್ಣು. ಆರೋಸ್ ಆ ಲಾ ಕುಬಾನಾ ಎಂದು ಕರೆಯುತ್ತಾರೆ, ಸ್ಪೇನಿನ ಮಕ್ಕಳೆಲ್ಲ ಇದನ್ನು ತಿಂದೇ ಬೆಳೆದವರು. ಅಂಗಡಿಯಲ್ಲಿ ತೊಮಾತೆ ಫ್ರೀತೊ ಎಂಬ ಹೆಸರಿನಲ್ಲಿ ಬೆಂದ ಟೊಮೆಟೊ ಸಾಸ್ ಪೊಟ್ಟಣ ಸಿಗುತ್ತದೆ. ಕಾಲು ಗಂಟೆಯಲ್ಲಿ ಊಟ ಸಿದ್ಧ.

ಇನ್ನು ನಿಮ್ಮ ಗೆಳೆಯನ ಕಡೆಗೆ ಬರೋಣ. ಮೊದಲೇ ಒಂದು ಎಚ್ಚರಿಕೆ. ನಾನ್‌ಸ್ಟಿಕ್ ಬಾಣಲೆಯನ್ನು ಎಣ್ಣೆಯಿಲ್ಲದೆ ಜೋರು ಉರಿಯಲ್ಲಿ ಕಾಯಿಸಬಾರದು, ಮೇಲಿನ ಲೇಪ ಹಾಳಾಗುತ್ತದೆ, ಅದರ ಹೊಗೆಯೂ ಒಳ್ಳೆಯದಲ್ಲ. ಮೆಕ್ಸಿಕೊದ ಅಡುಗೆಗೆ ಒಂದು ಕಬ್ಬಿಣದ ಕಾವಲಿ ಕೊಂಡುಬಿಡಿ. ಅವರು ಅದನ್ನು ಕೋಮಾಲ್ ಎನ್ನುತ್ತಾರೆ. ಚಪಾತಿಗೂ ಅದೇ ಆಗುತ್ತದೆ. ಕಾಸು ಕೂಡುವವರೆಗೆ ಸ್ಟೀಲ್ ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ ಅದರ ಮೇಲೆ ಸುಡಬಹುದು.

ಮೊದಲು ಸುಟ್ಟ ಟೊಮೆಟೊ ಸಾಲ್ಸಾ, ಅಂದರೆ ಅವರ ಚಟ್ನಿ. ನಾಲ್ಕು ಟೊಮೆಟೊ, ಒಂದು ಈರುಳ್ಳಿಯ ಕಾಲು ಭಾಗ, ಸಿಪ್ಪೆ ಸಮೇತ ಎರಡು ಎಸಳು ಬೆಳ್ಳುಳ್ಳಿ, ಎರಡು ಹಸಿಮೆಣಸಿನಕಾಯಿ. ಎಲ್ಲವನ್ನೂ ಇಡಿಯಾಗಿ ಕಾದ ಕಾವಲಿಯ ಮೇಲಿಡಿ. ಮೆಣಸಿನಕಾಯಿ ಮೊದಲು ಆಗುತ್ತದೆ, ಸಿಡಿಯದ ಹಾಗೆ ಒಂದು ಗೀರು ಹಾಕಿರಿ. ಬೆಳ್ಳುಳ್ಳಿ ಸಿಪ್ಪೆಯೊಳಗೇ ಮೆತ್ತಗಾಗುತ್ತದೆ. ಟೊಮೆಟೊಗೆ ಹತ್ತು ಹನ್ನೆರಡು ನಿಮಿಷ ಬೇಕು. ತಳ ಕಪ್ಪಾದ ಮೇಲೆ ತಿರುಗಿಸಿ. ಸಿಪ್ಪೆ ಬಿರಿದು, ರಸ ಕಾವಲಿಗೆ ತಾಗಿ ಚುಂಯ್ ಎನ್ನುವಾಗ ಒಂದು ಸಿಹಿ ವಾಸನೆ ಏಳುತ್ತದೆ. ಆಗ ಇಳಿಸಿ. ಬೆಳ್ಳುಳ್ಳಿ ಸಿಪ್ಪೆ ತೆಗೆಯಿರಿ, ಟೊಮೆಟೊದ ಕಪ್ಪು ಚುಕ್ಕೆ ಹಾಗೇ ಇರಲಿ, ರುಚಿ ಇರುವುದೇ ಅದರಲ್ಲಿ. ಮೊದಲು ಬೆಳ್ಳುಳ್ಳಿ, ಮೆಣಸಿನಕಾಯಿ, ಉಪ್ಪು ಅರೆದು, ಆಮೇಲೆ ಟೊಮೆಟೊ ಈರುಳ್ಳಿ ಹಾಕಿ ಮಿಕ್ಸಿಯನ್ನು ಎರಡು ಸಲ ಮಾತ್ರ ತಿರುಗಿಸಿ. ನುಣ್ಣಗಾಗಬಾರದು. ಮೆಕ್ಸಿಕೊದಲ್ಲಿ ಇದನ್ನು ಜ್ವಾಲಾಮುಖಿ ಕಲ್ಲಿನ ಮೊಲ್ಕಾಹೇತೆಯಲ್ಲಿ ಅರೆಯುತ್ತಾರೆ, ನಮ್ಮ ಒರಳಿನ ತಂಗಿ ಅದು. ನನ್ನ ಪಕ್ಕದ ಒಲೆಯ ಅಕ್ಕ ಊರಿನಿಂದ ಒಂದು ಸಣ್ಣ ಮೊಲ್ಕಾಹೇತೆ ತಂದಿಟ್ಟುಕೊಂಡಿದ್ದಳು. ಕೆಲಸ ಮುಗಿದ ಮೇಲೆ ನಮಗಿಬ್ಬರಿಗೆ ಅಂತ ಅದರಲ್ಲಿ ಸಾಲ್ಸಾ ಅರೆದು, ಕಲ್ಲಿನಿಂದಲೇ ಅದ್ದಿಕೊಂಡು ತಿನ್ನುತ್ತಿದ್ದೆವು. ಎಂಟು ಗಂಟೆ ನಿಂತ ಕಾಲುನೋವು ಅಷ್ಟರಲ್ಲಿ ಮರೆತುಹೋಗುತ್ತಿತ್ತು.

ಈ ಸಾಲ್ಸಾ ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಇರುತ್ತದೆ. ಕರಿದ ಮೊಟ್ಟೆಯ ಮೇಲೆ ಸುರಿಯಿರಿ, ಅನ್ನಕ್ಕೆ ಕಲಸಿ, ಚಪಾತಿಗೆ ಹಚ್ಚಿ. ನಿಮ್ಮ ಗೆಳೆಯನಿಗೆ ಮನೆ ನೆನಪಾಗುವುದು ಈ ವಾಸನೆಗೇ. ಸುಡದೆ ಹಸಿಯಾಗೇ ಸಣ್ಣಗೆ ಹೆಚ್ಚಿ, ಕೊತ್ತಂಬರಿ, ನಿಂಬೆರಸ, ಉಪ್ಪು ಬೆರೆಸಿದರೆ ಅದು ಪೀಕೊ ದೆ ಗಾಯೊ. ಬೆಣ್ಣೆಹಣ್ಣನ್ನು ಕಿವುಚಿ ಅದೇ ಸಾಮಾನು ಸೇರಿಸಿದರೆ ಗ್ವಾಕಮೋಲೆ. ಬೆಂಗಳೂರಿನಲ್ಲಿ ಬಟರ್ ಫ್ರೂಟ್ ಎಂದು ಸಕ್ಕರೆ ಹಾಕಿ ಜ್ಯೂಸ್ ಮಾಡುವ ಹಣ್ಣೇ ಅದು, ಇಲ್ಲಿ ಉಪ್ಪು ಖಾರದ ಕಡೆಗೆ ತಿರುಗುತ್ತದೆ. ಉಳಿದರೆ ತೆಳು ಪ್ಲಾಸ್ಟಿಕ್ ಹಾಳೆಯನ್ನು ಅದರ ಮೈಗೇ ಅಂಟುವ ಹಾಗೆ ಮುಚ್ಚಿಡಿ, ಗಾಳಿ ತಾಗಿದರೆ ಕಪ್ಪಾಗುತ್ತದೆ.

ಮುಂದಿನದು ಸೋಪಾ ದೆ ಫಿದೇಓ. ಮೆಕ್ಸಿಕೊದ ಅಮ್ಮಂದಿರು ಮಕ್ಕಳಿಗೆ ಮಾಡಿಕೊಡುವ ಶಾವಿಗೆ ಸೂಪು. ಶಾವಿಗೆ ಉಪ್ಪಿಟ್ಟು ಮಾಡಿ ಗೊತ್ತಿದ್ದರೆ ಅರ್ಧ ಕೆಲಸ ನಿಮಗೆ ಬಂದ ಹಾಗೆ. ಮೂರು ಟೊಮೆಟೊ, ಈರುಳ್ಳಿಯ ಕಾಲು ಭಾಗ, ಒಂದು ಎಸಳು ಬೆಳ್ಳುಳ್ಳಿ ಹಸಿಯಾಗೇ ನುಣ್ಣಗೆ ರುಬ್ಬಿ. 200 ಗ್ರಾಂ ಶಾವಿಗೆಯನ್ನು ಎರಡು ಚಮಚ ಎಣ್ಣೆಯಲ್ಲಿ ಕೈಬಿಡದೆ ಹುರಿಯಿರಿ. ಗೋಡಂಬಿ ಹುರಿದ ಬಣ್ಣ ಬರಬೇಕು. ರುಬ್ಬಿದ್ದನ್ನು ಸುರಿಯಿರಿ, ಜೋರಾಗಿ ಸಿಡಿಯುತ್ತದೆ, ಸ್ವಲ್ಪ ದೂರ ನಿಲ್ಲಿ. ಟೊಮೆಟೊದ ಬಣ್ಣ ಗಾಢವಾಗಿ, ಹಸಿ ವಾಸನೆ ಹೋದ ಮೇಲೆ ಒಂದು ಲೀಟರ್ ಬಿಸಿನೀರು, ಉಪ್ಪು. ಎಂಟು ಹತ್ತು ನಿಮಿಷ ಕುದಿದರೆ ಸಾಕು. ಬಟ್ಟಲಿಗೆ ಹಾಕಿ ನಿಂಬೆರಸ ಹಿಂಡಿ, ಬೆಣ್ಣೆಹಣ್ಣಿನ ಎರಡು ಹೋಳು ಇಡಿ. ಅಕ್ಕಿಯನ್ನೂ ಹೀಗೇ ಹುರಿದು ಟೊಮೆಟೊ ರುಬ್ಬಿ ಹಾಕಿ ಬೇಯಿಸಿದರೆ ಮೆಕ್ಸಿಕೊದ ಕೆಂಪನ್ನ ಆಗುತ್ತದೆ. ನಮ್ಮ ಟೊಮೆಟೊ ಬಾತಿನ ಗರಂ ಮಸಾಲೆ ತೆಗೆದ ಹಾಗೆ.

ಕಾಳಿನ ವಿಷಯದಲ್ಲಿ ಹುಷಾರಾಗಿರಬೇಕು. ಕೆಂಪು ರಾಜ್ಮಾವನ್ನು ಬೇಯಿಸದ ಒಣ ಕಾಳಾಗಿ ತಂದರೆ ಎಂಟು ಗಂಟೆ ನೆನೆಸಿ, ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಸಲೇಬೇಕು. ಆಮೇಲೆ ಸಣ್ಣ ಉರಿಯಲ್ಲಿ ಮೆತ್ತಗಾಗುವವರೆಗೆ ಬೇಯಿಸಿ. ಸರಿಯಾಗಿ ಕುದಿಯದ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಿಷ ಉಳಿದು ವಾಂತಿ, ಹೊಟ್ಟೆನೋವು ಬರುತ್ತದೆ. ಕುದಿಸದೆ ಸ್ಲೋ ಕುಕ್ಕರಿನಲ್ಲಿ ಇಡುವವರಿಗೆ ಹೀಗಾಗುವುದು. ನಿಮ್ಮ ಹತ್ತಿರ ಪ್ರೆಶರ್ ಕುಕ್ಕರ್ ಇಲ್ಲ, ಹಾಗಾಗಿ ಬಾಟಲಿಯಲ್ಲಿ ಬೆಂದೇ ಬರುವ ಕಪ್ಪು ಕಾಳನ್ನು ತನ್ನಿ. ಗೆಳೆಯ ಅದಕ್ಕೆ ಫ್ರಿಹೋಲೆಸ್ ಎನ್ನುತ್ತಾನೆ, ಸ್ಪೇನಿನ ಅಂಗಡಿಯ ಚೀಟಿಯಲ್ಲಿ ಆಲೂಬಿಯಾಸ್ ಅಥವಾ ಹುದೀಯಾಸ್ ಎಂದಿರುತ್ತದೆ. ಇಂಥ ಹೆಸರಿನ ಗೊಂದಲ ಇನ್ನೂ ಇದೆ. ಆಲೂಗಡ್ಡೆ ಸ್ಪೇನಿನಲ್ಲಿ ಪತಾತಾ, ಅವನಿಗೆ ಪಾಪಾ. ಅವನು ಲಿಮೋನ್ ತಾ ಎಂದರೆ ಹಸಿರು ಸಣ್ಣ ನಿಂಬೆ. ವಲೆನ್ಸಿಯಾದಲ್ಲಿ ಲಿಮೋನ್ ಎಂದರೆ ಹಳದಿ ದೊಡ್ಡ ನಿಂಬೆ, ಹಸಿರಿನದು ಲೀಮಾ.

ಈರುಳ್ಳಿಯನ್ನು ಎಣ್ಣೆಯಲ್ಲಿ ಬಾಡಿಸಿ, ಕಾಳನ್ನು ಸ್ವಲ್ಪ ರಸದ ಸಮೇತ ಹಾಕಿ, ಸೌಟಿನ ಬೆನ್ನಿನಿಂದ ಮಸೆಯುತ್ತಾ ಗಟ್ಟಿಯಾಗುವವರೆಗೆ ಕೈಯಾಡಿಸಿ. ಇದೇ ಫ್ರಿಹೋಲೆಸ್ ರೆಫ್ರೀತೋಸ್. ಹೆಸರು ಕೇಳಿ ಎರಡು ಸಲ ಹುರಿಯಬೇಕೆಂದು ತಿಳಿಯುವವರಿದ್ದಾರೆ. ಆ ‘ರೆ’ಗೆ ಚೆನ್ನಾಗಿ, ಪೂರ್ತಿಯಾಗಿ ಎಂಬ ಅರ್ಥ. ಒಂದು ಮೆತ್ತನೆ ಬನ್ನನ್ನು ಎರಡಾಗಿ ಸೀಳಿ, ಇದನ್ನು ದಪ್ಪಗೆ ಹಚ್ಚಿ, ಮೇಲೆ ಚೀಸ್ ತುರಿದು ಉದುರಿಸಿ. ಓವನ್ ಬೇಕಿಲ್ಲ. ಬಾಣಲೆಯಲ್ಲಿಟ್ಟು ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ನಾಲ್ಕು ನಿಮಿಷ ಬಿಟ್ಟರೆ ತಳ ಗರಿಯಾಗಿ ಚೀಸ್ ಕರಗುತ್ತದೆ. ಮೇಲೆ ಪೀಕೊ ದೆ ಗಾಯೊ. ಮೊಯೇತೆಸ್ ಎಂಬ ಈ ತಿಂಡಿ ಮೆಕ್ಸಿಕೊದ ವಿದ್ಯಾರ್ಥಿಗಳ ಹೊಟ್ಟೆ ತುಂಬಿಸುವ ಅಡುಗೆ. ವಾರಕ್ಕೆ ಎರಡು ಸಲ ಮಾಡಿದರೂ ಬೇಜಾರಾಗುವುದಿಲ್ಲ. ಆದರೆ ಈ ಹೆಸರನ್ನು ದಕ್ಷಿಣ ಸ್ಪೇನಿನ ಆಂದಲೂಸಿಯಾದ ಹೋಟೆಲಿನಲ್ಲಿ ಹೇಳಿದರೆ ಬರೀ ಮೆತ್ತನೆ ಬನ್ನು ಬರುತ್ತದೆ, ಅಲ್ಲಿ ಮೊಯೇತೆ ಎಂದರೆ ಬನ್ನಿನ ಹೆಸರು.

ಮಾಂಸ ತಿನ್ನದವರಾದ್ದರಿಂದ ಒಂದು ಪದ ನೆನಪಿಟ್ಟುಕೊಳ್ಳಿ: ಮಾನ್ತೇಕಾ. ಎರಡೂ ದೇಶಗಳಲ್ಲಿ ಅದು ಸಾಮಾನ್ಯವಾಗಿ ಹಂದಿ ಕೊಬ್ಬು. ಬೆಣ್ಣೆಗೆ ಮಾನ್ತೆಕೀಯಾ ಎನ್ನುತ್ತಾರೆ. ಡಬ್ಬಿಯಲ್ಲಿ ಸಿಗುವ ಮಸೆದ ಕಾಳು, ಕೆಲವು ಬಿಸ್ಕತ್ತು, ಪೇಸ್ಟ್ರಿಗಳಲ್ಲಿ ಅದು ಇರುತ್ತದೆ, ಚೀಟಿ ಓದಿ ಕೊಳ್ಳಿ. ಹೋಟೆಲಿನಲ್ಲಿ ಮಾಂಸ ಬೇಡ ಎಂದರೂ ಹ್ಯಾಮ್ ಚೂರು ಬರುವುದುಂಟು. ಎಷ್ಟೋ ಜನ ಅದನ್ನು ಮಾಂಸದ ಲೆಕ್ಕಕ್ಕೇ ಹಿಡಿಯುವುದಿಲ್ಲ. ‘ಸಿನ್ ಹಮೋನ್’ ಎಂದು ಬೇರೆಯಾಗಿಯೇ ಹೇಳಿ. ಬೇಳೆಕಾಳಿನ ಸಾರು ಎಂದು ನಂಬಿ ಲೆಂತೇಹಾಸ್ ತೆಗೆದುಕೊಂಡರೆ ಅದರಲ್ಲೂ ಸಾಮಾನ್ಯವಾಗಿ ಚೊರೀಸೊ ಎಂಬ ಹಂದಿ ಮಾಂಸದ ಸಾಸೇಜ್ ಇರುತ್ತದೆ. ಚೀಸ್ ಗಟ್ಟಿಮಾಡಲು ಕರುವಿನ ಹೊಟ್ಟೆಯಿಂದ ತೆಗೆದ ಕುವಾಹೊ ಬಳಸುವುದೂ ಉಂಟು. ಅದು ಬೇಡವೆಂದರೆ ‘ಕುವಾಹೊ ವೆಹೆತಾಲ್’ ಎಂದು ಬರೆದದ್ದನ್ನು ಹುಡುಕಿ.

ಕೊನೆಗೂ ಮೆಕ್ಸಿಕೊದ ತೊರ್ತಿಯಾಕ್ಕೆ ಬಂದೆ. ಮೆಕ್ಕೆಜೋಳದ ಹಿಟ್ಟು ತಂದು ಬಿಸಿನೀರು ಹಾಕಿ ಜೋಳದ ರೊಟ್ಟಿಯ ಹಾಗೆ ತಟ್ಟಿಬಿಡೋಣ ಎಂದು ನಿಮಗೆ ಅನಿಸಬಹುದು. ಮಾಡಿದರೆ ರೊಟ್ಟಿಯೇನೋ ಆಗುತ್ತದೆ, ತೊರ್ತಿಯಾ ಆಗುವುದಿಲ್ಲ. ಅವರು ಮೆಕ್ಕೆಜೋಳದ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ಬಿಟ್ಟು, ತೊಳೆದು, ಹಸಿಯಾಗೇ ರುಬ್ಬುತ್ತಾರೆ. ಎಲೆ ಅಡಿಕೆಗೆ ಹಚ್ಚುವ ಅದೇ ಸುಣ್ಣ. ಸುಣ್ಣದಿಂದ ಕಾಳಿನ ಸಿಪ್ಪೆ ಬಿಡುತ್ತದೆ, ಹಿಟ್ಟಿಗೆ ಅಂಟು ಬರುತ್ತದೆ, ಮಡಚಿದರೂ ಮುರಿಯದ ರೊಟ್ಟಿಯಾಗುತ್ತದೆ. ಇನ್ನೊಂದು ದೊಡ್ಡ ಲಾಭವಿದೆ. ಮೆಕ್ಕೆಜೋಳದಲ್ಲಿರುವ ನಯಾಸಿನ್ ಎಂಬ ಜೀವಸತ್ವ ಹಾಗೇ ತಿಂದರೆ ಮೈಗೆ ಹತ್ತುವುದಿಲ್ಲ, ಸುಣ್ಣದಲ್ಲಿ ಬೆಂದರೆ ಹತ್ತುತ್ತದೆ. ಯುರೋಪಿನವರು ಮೆಕ್ಕೆಜೋಳ ಕೊಂಡೊಯ್ದರು, ಸುಣ್ಣದ ಪದ್ಧತಿಯನ್ನು ಬಿಟ್ಟು ಹೋದರು. ಅದನ್ನೇ ಮುಖ್ಯ ಊಟ ಮಾಡಿಕೊಂಡ ಸ್ಪೇನ್, ಇಟಲಿಯ ಬಡವರಲ್ಲಿ ನಯಾಸಿನ್ ಕೊರತೆಯಿಂದ ಬರುವ ಪೆಲಗ್ರಾ ಎಂಬ ಕಾಯಿಲೆ ಹಬ್ಬಿತು. ಮೆಕ್ಸಿಕೊದ ಹೆಣ್ಣುಮಕ್ಕಳ ಕೈಯಲ್ಲಿ ಸಾವಿರಾರು ವರ್ಷಗಳಿಂದ ಇದ್ದ ಈ ತಿಳಿವಳಿಕೆಯನ್ನು ನೆನೆದಾಗೆಲ್ಲ ನನಗೆ ಕೈ ಮುಗಿಯಬೇಕೆನಿಸುತ್ತದೆ. 2010ರಲ್ಲಿ ಯುನೆಸ್ಕೊ ಮೆಕ್ಸಿಕೊದ ಸಾಂಪ್ರದಾಯಿಕ ಅಡುಗೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಲ್ಯಾಟಿನ್ ಅಮೆರಿಕದ ಸಾಮಾನು ಮಾರುವ ಅಂಗಡಿಯಲ್ಲಿ ಮಾಸಾ ಹರೀನಾ ಎಂದು ಕೇಳಿದರೆ ಸುಣ್ಣದಲ್ಲಿ ಬೆಂದ ಮೆಕ್ಕೆಜೋಳದ ಹಿಟ್ಟು ಸಿಗುತ್ತದೆ. ಬೆಚ್ಚನೆ ನೀರಿನಲ್ಲಿ ಕಲಸಿ, ನಿಂಬೆ ಗಾತ್ರದ ಉಂಡೆ ಮಾಡಿ, ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ತಟ್ಟೆಯಿಂದ ಒತ್ತಿ, ಕಾದ ಕಾವಲಿಗೆ ಹಾಕಿ. ಉಂಡೆ ಒತ್ತಿದಾಗ ಅಂಚು ಬಿರಿದರೆ ನೀರು ಸಾಲದು ಎಂದರ್ಥ. ಒತ್ತುವುದನ್ನು ಗೆಳೆಯನಿಗೆ ಬಿಡಿ, ಬೇಯಿಸುವುದು ನಿಮಗಿರಲಿ. ಅದೂ ಆಗದ ದಿನ ಚಪಾತಿಯೇ ಸಾಕು. ಮೆಕ್ಸಿಕೊದ ಉತ್ತರ ಭಾಗದಲ್ಲಿ, ಸೊನೋರಾದಂಥ ಕಡೆ, ಗೋಧಿ ತೊರ್ತಿಯಾವನ್ನೇ ತಿನ್ನುತ್ತಾರೆ. ಅರ್ಧಕ್ಕೆ ಚೀಸ್, ಬಾಡಿಸಿದ ಅಣಬೆ ಹಾಕಿ ಮಡಚಿ ಎರಡೂ ಕಡೆ ಗರಿಯಾಗಿಸಿದರೆ ಕೆಸದೀಯಾ. ಮೆಕ್ಸಿಕೊ ನಗರದಲ್ಲಿ ಚೀಸ್ ಇಲ್ಲದ್ದನ್ನೂ ಕೆಸದೀಯಾ ಎನ್ನುತ್ತಾರೆ, ಬೇರೆ ಊರಿನವರು ಅದನ್ನು ಒಪ್ಪುವುದಿಲ್ಲ. ಪುಯೆಬ್ಲಾದ ಗೆಳೆಯನನ್ನು ಕೇಳಿ ನೋಡಿ, ಅವನಿಗೂ ಒಂದು ಅಭಿಪ್ರಾಯ ಇದ್ದೇ ಇರುತ್ತದೆ.

ಸದ್ಯಕ್ಕೆ ಬೇಡವಾದದ್ದನ್ನೂ ಹೇಳುತ್ತೇನೆ. ನೀವಿರುವುದು ಪಯೇಯಾ ಎಂಬ ಅಗಲ ಬಾಣಲೆಯ ಅನ್ನದ ಅಡುಗೆಯ ತವರಿನಲ್ಲಿ, ಆದರೆ ಅದನ್ನು ನಿಮ್ಮ ಪುಟ್ಟ ಎಲೆಕ್ಟ್ರಿಕ್ ಒಲೆಯ ಮೇಲೆ ಮಾಡಲು ಹೋಗಬೇಡಿ. ಅಗಲದ ಬಾಣಲೆಯ ತಳಕ್ಕೆಲ್ಲ ಒಂದೇ ಸಮ ಉರಿ ಸಿಗದಿದ್ದರೆ ನಡುವೆ ಸೀಯುತ್ತದೆ, ಅಂಚಿನಲ್ಲಿ ಅಕ್ಕಿ ಬೇಯುವುದಿಲ್ಲ. ತರಕಾರಿಯ ಪಯೇಯಾ ಸಿಗುವ ಕಡೆ ಹೋಗಿ ತಿಂದು ಬನ್ನಿ. ಚುರ್ರೋಸ್ ಎಂಬ ಕರಿದ ಸಿಹಿ ತಿಂಡಿ ಕೂಡ ಬೇಡ, ಹಿಟ್ಟಿನೊಳಗೆ ಗಾಳಿ ಉಳಿದರೆ ಕಾದ ಎಣ್ಣೆಯಲ್ಲಿ ಸಿಡಿಯುತ್ತದೆ. ಪುಯೆಬ್ಲಾದ ಮೋಲೆ ಎಂಬ ಗಟ್ಟಿ ಮಸಾಲೆ ಗೊಜ್ಜಿಗೆ ಇಪ್ಪತ್ತರ ಸುಮಾರು ಸಾಮಾನು, ಒಂದು ಇಡೀ ದಿನ ಬೇಕು. ಅದನ್ನು ಅವನ ಅಮ್ಮನ ಕೈಯಲ್ಲೇ ತಿನ್ನುವುದು ಚೆಂದ.

ಬರುವ ಭಾನುವಾರ ತೊರ್ತಿಯಾ ದೆ ಪತಾತಾಸ್ ಮಾಡಿ, ಪಕ್ಕದಲ್ಲಿ ಸುಟ್ಟ ಟೊಮೆಟೊ ಸಾಲ್ಸಾ ಇಡಿ. ಎರಡು ದೇಶದ ಜನ ಹುಬ್ಬು ಗಂಟಿಕ್ಕಬಹುದು, ಆದರೆ ತಿಂದು ನೋಡಿ, ನೀವೇ ಮತ್ತೆ ಮಾಡುತ್ತೀರಿ. ಕುಡಿಯಲಿಕ್ಕೆ ಒರ್ಚಾತಾ. ಇದೂ ಒಂದೇ ಹೆಸರಿನ ಎರಡು ಪಾನೀಯ. ವಲೆನ್ಸಿಯಾದ್ದು ಚೂಫಾ ಎಂಬ ಪುಟ್ಟ ಗೆಡ್ಡೆಯ ಹಾಲು, ನಿಮ್ಮ ಪಕ್ಕದ ಅಲ್ಬೊರಾಯಾ ಊರು ಅದಕ್ಕೆ ಹೆಸರುವಾಸಿ. ಅದನ್ನು ಕೊಂಡು ತನ್ನಿ. ಮೆಕ್ಸಿಕೊದ್ದು ಅಕ್ಕಿಯದು, ಅದನ್ನು ಶನಿವಾರ ರಾತ್ರಿ ನೀವೇ ಶುರು ಮಾಡಿ. ಒಂದು ಲೋಟ ಅಕ್ಕಿ ತೊಳೆದು, ಒಂದು ತುಂಡು ದಾಲ್ಚಿನ್ನಿ ಹಾಕಿ, ಎರಡು ಲೋಟ ನೀರಿನಲ್ಲಿ ನೆನೆಸಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ದೋಸೆ ಹಿಟ್ಟಿಗಿಂತ ನುಣ್ಣಗೆ ರುಬ್ಬಿ, ಇನ್ನೆರಡು ಲೋಟ ನೀರು ಸೇರಿಸಿ, ತೆಳು ಬಟ್ಟೆಯಲ್ಲಿ ಹಿಂಡಿ ಸೋಸಿ, ಅರ್ಧ ಲೋಟಕ್ಕಿಂತ ಸ್ವಲ್ಪ ಕಡಿಮೆ ಸಕ್ಕರೆ ಕರಗಿಸಿ ತಣ್ಣಗೆ ಮಾಡಿ. ಲೋಟಕ್ಕೆ ಸುರಿಯುವ ಮುಂಚೆ ಪ್ರತಿ ಸಲವೂ ಚೆನ್ನಾಗಿ ಕಲಕಿ, ಅಕ್ಕಿಯ ಗಸಿ ತಳಕ್ಕೆ ಇಳಿದಿರುತ್ತದೆ. ಎರಡು ದಿನದೊಳಗೆ ಕುಡಿದು ಮುಗಿಸಿ.